ಗಟ್ಟಿ ತುರೆಮಣೆ ಎಲ್ಲಿ ಸಿಗುತ್ತೆ ಸ್ವಾಮೀ?

ಪ್ರಪಂಚದ ಮೊಟ್ಟಮೊದಲ ಟಿನ್ ಡಬ್ಬ ಯಾವುದು ಅಂತ ಯಾರಾದ್ರೂ ಕೇಳಿದ್ರೆ ನಾನು ಹೇಳೋದು ಒಂದೇ ಉತ್ತರ: ತೆಂಗಿನಕಾಯಿ. ಗಾಳಿ ಆಡಲ್ಲ, ನೀರು ಸೋರಲ್ಲ, ಜುಟ್ಟು ಬಿಟ್ಟು ಅಟ್ಟದ ಮೇಲೆ ಹಾಕಿದ್ರೆ ತಿಂಗಳುಗಟ್ಟಲೆ ಕೆಡಲ್ಲ. ಒಳಗೆ ಕುಡಿಯೋಕೆ ನೀರು, ತಿನ್ನೋಕೆ ಕಾಯಿ. ಮರದಿಂದ ಬಿದ್ರೂ ಒಡೀಬಾರದು ಅಂತ ಹೊರಗೆ ನಾರಿನ ಪ್ಯಾಕಿಂಗ್ ಬೇರೆ! ಲೇಬಲ್ ಒಂದು ಅಂಟಿಸಿಲ್ಲ ಅನ್ನೋದು ಬಿಟ್ರೆ ಮಿಕ್ಕಿದ್ದೆಲ್ಲಾ ಇದೆ :)

ಮನುಷ್ಯ ಮಾಡಿದ ಟಿನ್ ಡಬ್ಬಕ್ಕೆ ಪೀಟರ್ ಡ್ಯುರಾಂಡ್ ಅನ್ನೋರು ಇಂಗ್ಲೆಂಡಿನಲ್ಲಿ ಪೇಟೆಂಟ್ ತಗೊಂಡಿದ್ದು 1810ರಲ್ಲಿ. ತಮಾಷೆ ನೋಡಿ, ಡಬ್ಬ ಬಂತು, ಆದ್ರೆ ಅದನ್ನ ತೆಗೆಯೋ ಸಾಧನ ಬರಲಿಲ್ಲ. ಅಮೆರಿಕದಲ್ಲಿ ಎಜ್ರಾ ವಾರ್ನರ್ ಡಬ್ಬ ತೆಗೆಯೋ ಉಪಕರಣಕ್ಕೆ ಪೇಟೆಂಟ್ ತಗೊಂಡಿದ್ದು 1858ರಲ್ಲಿ. ಹೆಚ್ಚೂಕಮ್ಮಿ ಅರ್ಧ ಶತಮಾನ ಜನ ಉಳಿ, ಸುತ್ತಿಗೆ ಹಿಡ್ಕೊಂಡು ಡಬ್ಬ ಒಡೀತಿದ್ರು. ನಮ್ಮ ತೆಂಗಿನಕಾಯಿಗೆ ಮಾತ್ರ ಯಾರೋ ಹೆಸರಿಲ್ಲದ ಪುಣ್ಯಾತ್ಮರು ಎಂದೋ ಸಾಧನ ಮಾಡಿಟ್ಟು ಹೋಗಿದಾರೆ. ಒಂದು ಮಣೆ, ಅದರ ಮೇಲೆ ಒಂದು ಬಾಗಿದ ಕಬ್ಬಿಣ, ಆ ಕಬ್ಬಿಣದ ತುದಿಗೆ ಹಲ್ಲು. ನಮ್ಮ ಕಡೆ ತುರೆಮಣೆ ಅಂತೀವಿ. ನಿಮ್ಮ ಕಡೆ ಈಳಿಗೆಮಣೆ ಇರಬಹುದು, ಮಲೆನಾಡಿನೋರಿಗೆ ಮೆಟ್ಟುಗತ್ತಿ ಇರಬಹುದು. ಹೆಸರು ಏನಾದ್ರೂ ಇರ್ಲಿ, ಇವತ್ತಿನ ನನ್ನ ಗೋಳು ಅದರದ್ದೇ.

ತೆಂಗಿನ ಸೀಮೆ ತುಮಕೂರಲ್ಲಿ ಕೂತ್ಕೊಂಡು ಒಂದು ಗಟ್ಟಿ ತುರೆಮಣೆ ಹುಡುಕೋದು ಇಷ್ಟು ಕಷ್ಟ ಯಾಕೆ? ಇದು ಪ್ರಶ್ನೆ. ಉತ್ತರ ಸ್ವಲ್ಪ ಉದ್ದ ಇದೆ, ಕಾಫಿ ಮಾಡ್ಕೊಂಡು ಬನ್ನಿ.

ಮೊದಲು ಅಮೆರಿಕದಲ್ಲಿರೋ ನಮ್ಮಕ್ಕನ ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಈ ಯೋಚನೆ ಹತ್ತಿದ್ದೇ ಅಲ್ಲಿಂದ. ಅವಳಿಗೆ ಅಲ್ಲಿ ಕಾಯಿಹಾಲೂ ಡಬ್ಬದಲ್ಲಿ, ಕಡಲೆಕಾಳೂ ಡಬ್ಬದಲ್ಲಿ, ಟೊಮ್ಯಾಟೊ ಕೂಡಾ ಡಬ್ಬದಲ್ಲಿ. ಅವಳ ಗೋಳು ಏನಪ್ಪಾ ಅಂದ್ರೆ ಕೈಯಲ್ಲಿ ತಿರುಗಿಸೋ ಓಪನರ್ ಒಂದೂ ಎರಡು ವರ್ಷಕ್ಕಿಂತ ಹೆಚ್ಚು ಬಾಳಲ್ಲ. "ಲೋ, ಹತ್ತು ವರ್ಷ ಬಾಳೋ ಅಂಥ ಒಂದು ಓಪನರ್ ಈ ದೇಶದಲ್ಲಿ ಸಿಗ್ತಿಲ್ಲ ಕಣೋ. ನಮ್ಮ ಅಜ್ಜಿ ತುರೆಮಣೆ ನೋಡು, ಎಷ್ಟು ಜನ ಸೊಸೆಯಂದಿರನ್ನ ನೋಡಿದೆ ಅದು!" ಅಂದ್ಲು.

ಆ ಓಪನರ್ ಯಾಕೆ ಕೆಡುತ್ತೆ ಅಂತ ಸ್ವಲ್ಪ ನೋಡಿ. ಅದರಲ್ಲಿ ಎರಡು ಚಕ್ರ. ಒಂದು ಕೊಯ್ಯುತ್ತೆ, ಇನ್ನೊಂದು ಹಲ್ಲಿನ ಚಕ್ರ ಡಬ್ಬದ ಅಂಚನ್ನ ಹಿಡಿದು ಮುಂದಕ್ಕೆ ಎಳೆಯುತ್ತೆ. ಎರಡರ ಮಧ್ಯೆ ಇರಬೇಕಾದ ಸಂದು ಕೂದಲೆಳೆಯಷ್ಟು. ಮೆತ್ತನೆ ತಗಡಿನಲ್ಲಿ ಅಚ್ಚು ಹೊಡೆದ ಚಕ್ರ ಆದ್ರೆ ಹಲ್ಲು ಬೇಗ ಸವೆಯುತ್ತೆ. ಎರಡು ಹಿಡಿ ಸೇರೋ ಕಡೆ ಇರೋ ರಿವೆಟ್ ಸಡಿಲ ಆದ್ರೆ ಸಂದು ದೊಡ್ಡದಾಗುತ್ತೆ. ಆಮೇಲೆ ಹಿಡಿ ತಿರುಗುತ್ತೆ, ಡಬ್ಬ ತಿರುಗಲ್ಲ. ರಿವೆಟ್ ಬಿಚ್ಚೋಕಾಗಲ್ಲ, ಚಕ್ರ ಬೇರೆ ಸಿಗಲ್ಲ. ಕಸದ ಬುಟ್ಟಿ ಒಂದೇ ದಾರಿ.

ಇದಕ್ಕೆ ಎದುರಾಗಿ ಇನ್ನೊಂದು ಕಥೆ ಇದೆ. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಅಮೆರಿಕದ ಸೈನ್ಯ ತನ್ನ ಸಿಪಾಯಿಗಳಿಗೆ ಪಿ-38 ಅನ್ನೋ ಒಂದು ಪುಟಾಣಿ ಓಪನರ್ ಮಾಡಿಸ್ತು. ಹೆಬ್ಬೆರಳಿಗಿಂತ ಚಿಕ್ಕದು. ಒಂದು ತಗಡಿನ ತುಂಡು, ಅದಕ್ಕೆ ಮಡಿಚೋ ಒಂದು ಕೊಕ್ಕೆ. ಅಷ್ಟೇ. ಚಕ್ರ ಇಲ್ಲ, ಹಲ್ಲು ಇಲ್ಲ, ಸ್ಪ್ರಿಂಗ್ ಇಲ್ಲ. ಆಗಿನ ಕಾಲದ್ದು ಇವತ್ತಿಗೂ ಎಷ್ಟೋ ಜನರ ಬೀಗದಕೈ ಗೊಂಚಲಲ್ಲಿ ಇದೆ, ಡಬ್ಬ ತೆಗೆಯುತ್ತೆ. ಕಡಿಮೆ ಭಾಗ ಇದ್ದಷ್ಟೂ ಕೆಡೋದೂ ಕಡಿಮೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಮ್ಮ ತುರೆಮಣೆ ಪಿ-38ರ ಅಜ್ಜ. ಅದರಲ್ಲಿ ಅಲ್ಲಾಡೋ ಭಾಗ ಒಂದೂ ಇಲ್ಲ. ಅಲ್ಲಾಡೋದು ಕೈ ಮಾತ್ರ.

ಈಗ ನಮ್ಮ ಮನೆಗೆ ಬನ್ನಿ. ಗೃಹಪ್ರವೇಶಕ್ಕೆ ಅಂತ ಬಂದ ಉಡುಗೊರೆಗಳಲ್ಲಿ ಮೂರು ಕಾಯಿ ತುರಿಯೋ ಯಂತ್ರ ಇದ್ವು. ಮೂರೂ ಒಂದೇ ಜಾತಿ: ಅಡುಗೆ ಕಟ್ಟೆಗೆ ರಬ್ಬರ್ ಬಟ್ಟಲಿಂದ ಅಂಟಿಕೊಳ್ಳುತ್ತೆ, ಒಂದು ಕೈಯಲ್ಲಿ ಕಾಯಿ ಹೋಳು ಒತ್ತಿ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಹಿಡಿ ತಿರುಗಿಸಬೇಕು. ಹೊಸದರಲ್ಲಿ ಭಾರೀ ಚೆನ್ನ. ಮೊದಲನೇದರ ರಬ್ಬರ್ ಒಂದು ಬೇಸಿಗೆಗೆ ಗಟ್ಟಿಯಾಗಿ ಅಂಟೋದು ಬಿಡ್ತು. ಎರಡನೇದರ ಒಳಗಿನ ಪ್ಲಾಸ್ಟಿಕ್ ಬುಷ್ ಸವೆದು ತಲೆ ಓಲಾಡೋಕೆ ಶುರುವಾಯ್ತು. ಮೂರನೇದರ ಹಲ್ಲು ಮೊಂಡಾಗಿ ಕಾಯಿ ತುರಿಯೋ ಬದಲು ಸವರೋಕೆ ಶುರುಮಾಡ್ತು. ಮೂರಕ್ಕೂ ಬಿಡಿಭಾಗ ಸಿಗಲಿಲ್ಲ. ಅಂಗಡಿಯವರು "ರಿಪೇರಿ ಮಾಡ್ಸೋ ಕಾಸಿಗೆ ಹೊಸದೇ ಬರುತ್ತಲ್ಲ ಸಾರ್" ಅಂದ್ರು. ಈ ಒಂದು ವಾಕ್ಯದಲ್ಲಿ ನಮ್ಮ ಕಾಲದ ಅರ್ಥಶಾಸ್ತ್ರ ಪೂರ್ತಿ ಇದೆ ಅನ್ಸುತ್ತೆ ನಂಗೆ.

ಅಮ್ಮನಿಗೆ ಈಗ ಎಪ್ಪತ್ತು ದಾಟಿದೆ, ಮಂಡಿ ನೋವು. ಗುಬ್ಬಿ ಕಡೆ ಹಳ್ಳಿಯಲ್ಲಿ ಹುಟ್ಟಿ ಬೆಳೆದೋಳು. ಕಾಯಿ ಇಲ್ಲದ ಸಾರು ಅವಳ ಲೆಕ್ಕದಲ್ಲಿ ಬಿಸಿನೀರು. ಪ್ಯಾಕೆಟ್ ತುರಿ ತಂದುಕೊಟ್ರೆ ಮೂಸಿ ನೋಡಿ ಪಕ್ಕಕ್ಕಿಡ್ತಾಳೆ. ಆ ಓಲಾಡೋ ಯಂತ್ರದಲ್ಲಿ ಒಂದು ದಿನ ಹೋಳು ಜಾರಿ ಅಂಗೈ ಹರೀತು, ಹೊಲಿಗೆ ಹಾಕಿಸಬೇಕಾಯ್ತು. ಆವತ್ತಿಂದ ಇದು ನಂಗೆ ಅಡುಗೆಮನೆ ಸಾಮಾನಿನ ವಿಷಯವಾಗಿ ಉಳೀಲಿಲ್ಲ. ಅಮ್ಮ ಮಾತ್ರ ಕಟ್ಟು ಹಾಕಿದ ಕೈ ನೋಡ್ಕೊಂಡು "ನಮ್ಮತ್ತೆ ತುರೆಮಣೆ ಇದ್ದಿದ್ರೆ" ಅಂದ್ಲು, ಅಷ್ಟೇ. ಆ ತುರೆಮಣೆ ಅಣ್ಣತಮ್ಮಂದಿರ ಪಾಲಾದಾಗ ಯಾರ ಮನೆಗೆ ಹೋಯ್ತೋ ದೇವರಿಗೇ ಗೊತ್ತು.

ಸರಿ, ಹುಡುಕಾಟ ಶುರು.

ತುಮಕೂರಿನ ಮಂಡಿಪೇಟೆಯಲ್ಲಿ, ಚಿಕ್ಕಪೇಟೆಯಲ್ಲಿ ಪಾತ್ರೆ ಅಂಗಡಿ, ಕಬ್ಬಿಣದ ಅಂಗಡಿ ಸುತ್ತಿದೆ. ಕೇಳಿದ ಕಡೆಯೆಲ್ಲಾ ತೋರಿಸಿದ್ದು ಸ್ಟೀಲ್. ಫಳಫಳ ಹೊಳೆಯೋ ಮಡಿಚೋ ಸ್ಟ್ಯಾಂಡು, ತುದಿಗೆ ತೆಳ್ಳಗಿನ ಹೂವಿನಂಥ ಹಲ್ಲು. ಉಗುರಲ್ಲಿ ಒತ್ತಿದ್ರೆ ಹಲ್ಲು ಬಾಗೋ ಹಾಗಿತ್ತು. "ಕಬ್ಬಿಣದ್ದು ಇಲ್ವಾ?" ಅಂದ್ರೆ "ಅದು ಯಾರು ತಗೋತಾರೆ ಸಾರ್ ಈಗ, ತುಕ್ಕು ಹಿಡಿಯುತ್ತೆ" ಅಂತ ಉತ್ತರ.

ಏನೋ ಕೆಲಸದ ಮೇಲೆ ಕುಣಿಗಲ್‌ಗೆ ಹೋಗಿದ್ದೆ. ಟಿಪ್ಪು ಕಾಲದಿಂದಲೂ ಹೆಸರಾದ ಕುದುರೆ ಫಾರಂ ಇರೋ ಊರು, ಲಾಳ ಕಟ್ಟೋ ಕೈಗಳು ಬೇಕಾಗಿದ್ದ ಊರು, ಒಳ್ಳೇ ಕುಲುಮೆ ಇದ್ದೇ ಇರುತ್ತೆ ಅಂತ ಲೆಕ್ಕ. ಒಬ್ಬರು ದಾರಿ ತೋರಿಸಿದ ಕಡೆ ಹೋದ್ರೆ ಅಲ್ಲಿ ಕುಲುಮೆ ಇದ್ದ ಜಾಗದಲ್ಲಿ ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿ ಗ್ರಿಲ್ಲು, ಶೀಟಿನ ಛಾವಣಿ. ಅಪ್ಪ ಕುಲುಮೆ ನಡೆಸ್ತಿದ್ದರಂತೆ, ಮಗ ವೆಲ್ಡಿಂಗ್. "ತಗಡು ಕತ್ತರಿಸಿ ಹಲ್ಲು ಮಾಡಿ ವೆಲ್ಡ್ ಮಾಡ್ಕೊಡ್ತೀನಿ, ಆದ್ರೆ ಹದ ನಂಗೆ ಬರಲ್ಲ ಸಾರ್" ಅಂದ. ಪ್ರಾಮಾಣಿಕ ಮನುಷ್ಯ. ಹದ ಬರಲ್ಲ ಅಂತ ಒಪ್ಪಿಕೊಂಡೋನು ನನಗೆ ಇಡೀ ಹುಡುಕಾಟದಲ್ಲಿ ಸಿಕ್ಕಿದ್ದು ಅವನೊಬ್ಬನೇ.

ಕೊನೆಗೆ ಸಿಕ್ಕಿದ್ದು ಗುಬ್ಬಿಯಲ್ಲಿ. ತುಮಕೂರಿಂದ ಬಿ.ಎಚ್. ರಸ್ತೆ ಹಿಡಿದು ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. (ಬಿ.ಎಚ್. ಅಂದ್ರೆ ಬೆಂಗಳೂರು-ಹೊನ್ನಾವರ. ಅದೇ ರಸ್ತೆಯಲ್ಲಿ ದಿನಾ ಓಡಾಡೋ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ!) ಪೇಟೆಯ ಹಿಂದಿನ ಒಂದು ಗಲ್ಲಿಯಲ್ಲಿ ಒಬ್ಬರು ಆಚಾರ್ರು, ವಯಸ್ಸಾದೋರು. ತಿದಿ ಹೋಗಿ ಕರೆಂಟಿನ ಬ್ಲೋವರ್ ಬಂದಿದೆ, ಮಿಕ್ಕಂತೆ ಅದೇ ಅಡಿಗಲ್ಲು, ಅದೇ ಇಕ್ಕಳ, ಅದೇ ಇದ್ದಿಲು. ಸುತ್ತ ಅಡಿಕೆ ಗೊನೆ ಕೊಯ್ಯೋ ಕುಡುಗೋಲು, ಎಳನೀರು ಕೆತ್ತೋ ಮಚ್ಚು.

ತುರೆಮಣೆ ಅಂದ ತಕ್ಷಣ ಅವರು ಕೇಳಿದ್ದು, "ಕೂತು ತುರಿಯೋರು ಯಾರು ಸ್ವಾಮಿ? ಬಲಗೈಯೋರಾ ಎಡಗೈಯೋರಾ? ಮಂಡಿ ಮಡಿಚೋಕೆ ಆಗುತ್ತಾ?"

ಒಂದು ನಿಮಿಷ ಯೋಚನೆ ಮಾಡಿ. ಅಷ್ಟು ಅಂಗಡಿ ಸುತ್ತಿದೆ, ಒಬ್ಬರಾದ್ರೂ ಈ ಪ್ರಶ್ನೆ ಕೇಳಿದ್ರಾ? "ಎಷ್ಟರೊಳಗೆ ಬೇಕು ಸಾರ್" ಅಂತ ಕೇಳಿದ್ರು, ಅಷ್ಟೇ.

ಅವರು ಹೇಳಿದ ಕಬ್ಬಿಣದ ಪಾಠ ನನಗೆ ಅರ್ಥ ಆದಷ್ಟು ಇಲ್ಲಿ ಹೇಳ್ತೀನಿ, ನಿಮಗೂ ಉಪಯೋಗಕ್ಕೆ ಬಂದೀತು. ಲಾರಿ ಗಾಲಿಯ ಮೇಲೆ ಒಂದರ ಮೇಲೊಂದು ಜೋಡಿಸಿರೋ ಬಾಗಿದ ಪಟ್ಟಿಗಳು ಇರ್ತಾವಲ್ಲ, ಆ ಕಮಾನ್ ಪಟ್ಟಿ ಅವರ ಕಚ್ಚಾ ಮಾಲು. ಗುಜರಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತೆ. ಅದರಲ್ಲಿ ನೂರಕ್ಕೆ ಅರ್ಧ ಭಾಗ ಅಥವಾ ಸ್ವಲ್ಪ ಜಾಸ್ತಿ ಇಂಗಾಲ ಇರುತ್ತೆ. ಕೆಂಪಗೆ ಕಾಯಿಸಿ, ಬಡಿದು ಆಕಾರಕ್ಕೆ ತಂದು, ಅರದಲ್ಲಿ ಹಲ್ಲು ಬಿಡಿಸಿ, ಮತ್ತೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದ್ರೆ ಗಾಜಿನಂತೆ ಗಡುಸಾಗುತ್ತೆ. ಆದ್ರೆ ಹಾಗೇ ಬಿಟ್ರೆ ಗಾಜಿನಂತೆ ಒಡೆದೂ ಹೋಗುತ್ತೆ. ಅದಕ್ಕೇ ಇನ್ನೊಂದ್ಸಲ ಮೆಲ್ಲಗೆ ಬಿಸಿ ಮಾಡಬೇಕು. ಉಜ್ಜಿ ಬೆಳ್ಳಗೆ ಮಾಡಿದ ಕಬ್ಬಿಣದ ಮೇಲೆ ಒಣಹುಲ್ಲಿನ ಬಣ್ಣ ಬಂದ ಕ್ಷಣ ನಿಲ್ಲಿಸಬೇಕು. ಪುಸ್ತಕದ ಲೆಕ್ಕದಲ್ಲಿ ಅದು 220ರಿಂದ 250 ಡಿಗ್ರಿ. ಆಚಾರ್ರ ಹತ್ರ ಥರ್ಮಾಮೀಟರ್ ಇಲ್ಲ, ಕಣ್ಣಿದೆ. ಇದೇ ಹದ. ಕುಣಿಗಲ್ಲಿನ ಹುಡುಗ ಬರಲ್ಲ ಅಂದಿದ್ದು ಇದೇ.

ಸ್ಟೀಲ್ ಪಾತ್ರೆಗೆ ಬಳಸೋ 304 ಅನ್ನೋ ಸ್ಟೇನ್‌ಲೆಸ್ ಇದೆಯಲ್ಲ, ಹೆಚ್ಚೂಕಮ್ಮಿ 18 ಭಾಗ ಕ್ರೋಮಿಯಂ, 8 ಭಾಗ ನಿಕಲ್, ಅದು ತುಕ್ಕು ಹಿಡಿಯಲ್ಲ ನಿಜ. ಆದ್ರೆ ಅದಕ್ಕೆ ಹೀಗೆ ಕಾಯಿಸಿ ಅದ್ದಿ ಹದ ಕೊಡೋಕೆ ಆಗೋದೇ ಇಲ್ಲ. ಸಾರಿನ ಪಾತ್ರೆಗೆ ಅದು ದೇವರು, ಕೊಯ್ಯೋ ಹಲ್ಲಿಗೆ ಅಲ್ಲ. ಹದಕ್ಕೆ ಬರೋ ಸ್ಟೇನ್‌ಲೆಸ್ ಜಾತಿ ಬೇರೆ ಇದೆ, ಒಳ್ಳೇ ಚಾಕುಗಳಲ್ಲಿ ಹಾಕ್ತಾರೆ. ನಾನು ನೋಡಿದ ಸ್ಟ್ಯಾಂಡುಗಳಲ್ಲಿ ಯಾವುದರ ಮೇಲೂ ಯಾವ ಜಾತಿ ಅಂತ ಬರೆದಿರಲಿಲ್ಲ. "ಹೈ ಕ್ವಾಲಿಟಿ" ಅಂತ ಬರೆದಿತ್ತು :)

ವಾರ ಬಿಟ್ಟು ಹೋಗಿ ತಂದೆ. ಹಲಸಿನ ಮಣೆ, ಕಮಾನ್ ಪಟ್ಟಿಯ ಕಬ್ಬಿಣ, ಒಟ್ಟು ಆರುನೂರು ರೂಪಾಯಿ. ಮಣೆಗೂ ಕಬ್ಬಿಣಕ್ಕೂ ಎರಡು ಬೋಲ್ಟು, ಸ್ಪ್ಯಾನರ್ ಹಾಕಿದ್ರೆ ಬಿಚ್ಚಿ ಬರುತ್ತೆ. "ಮೊಂಡಾದ್ರೆ ಕಬ್ಬಿಣ ಮಾತ್ರ ತನ್ನಿ, ಕಕ್ಕು ಹಾಕ್ಕೊಡ್ತೀನಿ. ನಾನಿದ್ರೆ" ಅಂದ್ರು.

ಆ "ನಾನಿದ್ರೆ" ಅನ್ನೋದು ದಾರಿಯುದ್ದಕ್ಕೂ ಕಿವಿಯಲ್ಲಿತ್ತು. ಅವರ ಮಗ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿದ್ದಾನೆ. ತಿಂಗಳ ಸಂಬಳ. ತಪ್ಪು ಅಂತ ಯಾರು ಹೇಳೋಕಾಗುತ್ತೆ? ಇದ್ದಿಲ ಹೊಗೆ ಕುಡೀಬೇಕು ಅಂತ ಯಾರ ಮಗನಿಗೂ ನಾವು ಹೇಳೋ ಹಾಗಿಲ್ಲ.

ನನ್ನ ವಾದ ಇಲ್ಲಿಂದ ಶುರು. ನಾವು "ಬಾಳಿಕೆ" ಅನ್ನೋದನ್ನ ಸಾಮಾನಿನ ಒಳಗೆ ಹುಡುಕ್ತೀವಿ. ದಪ್ಪ ಇದೆಯಾ, ಭಾರ ಇದೆಯಾ, ಗ್ಯಾರಂಟಿ ಕಾರ್ಡ್ ಇದೆಯಾ. ಆದ್ರೆ ಬಾಳಿಕೆ ಅರ್ಧ ಮಾತ್ರ ಸಾಮಾನಿನಲ್ಲಿದೆ. ಇನ್ನರ್ಧ ಇರೋದು ಅದನ್ನ ಸರಿಮಾಡೋ ಮನುಷ್ಯ ನಿಮ್ಮ ಮನೆಯಿಂದ ಎಷ್ಟು ದೂರದಲ್ಲಿದಾನೆ ಅನ್ನೋದ್ರಲ್ಲಿ. ಅಜ್ಜಿ ತುರೆಮಣೆ ಅಷ್ಟು ವರ್ಷ ಬಾಳಿದ್ದು ಕಬ್ಬಿಣ ಗಟ್ಟಿ ಇದ್ದಿದ್ದಕ್ಕೆ ಮಾತ್ರ ಅಲ್ಲ. ಊರಲ್ಲೇ ಕುಲುಮೆ ಇತ್ತು. ನೇಗಿಲ ಗುಳ ತಟ್ಟಿಸೋಕೆ, ಗಾಡಿಗೆ ಹಳಿ ಕಟ್ಟಿಸೋಕೆ, ಕುಡುಗೋಲಿಗೆ ಕಕ್ಕು ಹಾಕಿಸೋಕೆ ಹೋದಾಗ ತುರೆಮಣೆಯನ್ನೂ ಬಗಲಲ್ಲಿ ಇಟ್ಕೊಂಡು ಹೋಗ್ತಿದ್ರು. ಆಚಾರ್ರಿಗೆ ಸುಗ್ಗಿಯಲ್ಲಿ ರಾಗಿಯ ಆಯ. ಆ ಪದ್ಧತಿಯಲ್ಲಿ ಜಾತಿಯ ಕಟ್ಟು ಇತ್ತು, ಕೊಡೋನ ಕೈ ಮೇಲೆ, ತಗೊಳ್ಳೋನ ಕೈ ಕೆಳಗೆ ಅನ್ನೋದೂ ಇತ್ತು. ಅದು ವಾಪಸ್ ಬರಲಿ ಅಂತ ನಾನು ಖಂಡಿತಾ ಹೇಳ್ತಿಲ್ಲ. ಆದ್ರೆ ಅದು ಹೋದಾಗ ಜೊತೆಗೆ ರಿಪೇರಿನೂ ಹೋಯ್ತು, ಅದರ ಜಾಗಕ್ಕೆ ಇನ್ನೊಂದು ಬರಲೇ ಇಲ್ಲ. ನೇಗಿಲು ಹೋಗಿ ಟ್ರ್ಯಾಕ್ಟರ್ ಬಂತು, ಗಾಡಿ ಹೋಗಿ ಟೆಂಪೋ ಬಂತು. ಬರೀ ತುರೆಮಣೆ ನಂಬ್ಕೊಂಡು ಒಂದು ಕುಲುಮೆ ಉರಿಯೋಕಾಗುತ್ತಾ?

ಇನ್ನೊಂದು ಮಾತು. ತೆಂಗಿನ ವಿಷಯಕ್ಕೆ ನಮ್ಮ ಜಿಲ್ಲೆಯಲ್ಲಿ ಏನಿಲ್ಲ ಹೇಳಿ? ತಿಪಟೂರಿನ ಉಂಡೆ ಕೊಬ್ಬರಿ ಮಾರುಕಟ್ಟೆ ಇದೆ. ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಮರ ಹತ್ತೋರು ಸಿಗಲ್ಲ ಅಂತ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ 'ತೆಂಗಿನ ಮರದ ಗೆಳೆಯರು' ಅನ್ನೋ ತರಬೇತಿ ಕಾರ್ಯಕ್ರಮ ಶುರುಮಾಡ್ತು, ಹತ್ತೋಕೆ ಯಂತ್ರ ಕೊಡ್ತು. ಸುಲಿಯೋಕೆ ಯಂತ್ರ ಬಂತು, ಕೊಬ್ಬರಿ ಒಣಗಿಸೋಕೆ ಡ್ರೈಯರ್ ಬಂತು. ಕಾಯಿ ಮರದಿಂದ ಮಂಡಿಗೆ ಹೋಗೋ ತನಕ ಪ್ರತಿ ಹೆಜ್ಜೆಗೂ ಯಾರೋ ತಲೆ ಕೆಡಿಸಿಕೊಂಡಿದಾರೆ. ಅಡುಗೆಮನೆ ಹೊಸ್ತಿಲು ದಾಟಿದ ತಕ್ಷಣ ಸಂಶೋಧನೆ ನಿಂತುಹೋಗುತ್ತೆ. ಯಾಕೆ? ಅಲ್ಲಿಯವರೆಗೆ ಅದು ದುಡ್ಡು, ಅಲ್ಲಿಂದಾಚೆ ಅದು ಹೆಂಗಸರ ಕೆಲಸ. ಒರಟಾಗಿ ಹೇಳ್ತಿದೀನಿ ಅನ್ನಿಸಿದ್ರೆ ಬೇರೆ ಕಾರಣ ನೀವೇ ಹೇಳಿ, ಕೇಳ್ತೀನಿ.

ದುಡ್ಡಿನ ಲೆಕ್ಕವೇ ನೋಡೋದಾದ್ರೂ, 2025ಕ್ಕೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಆ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಅದರ ಎರಡು ಪಟ್ಟನ್ನೂ ದಾಟ್ತು. ಕೊಳ್ಳೋ ಕಾಯಿ ಬೆಲೆಯೂ ಅದರ ಜೊತೆಗೇ ಏರ್ತು. ಮೊಂಡು ಹಲ್ಲಿನ ಯಂತ್ರ ಪ್ರತಿ ಹೋಳಲ್ಲೂ ಚಿಪ್ಪಿಗೆ ಅಂಟಿದ ಹಾಗೆ ಒಂದು ಪದರ ಬಿಟ್ಟುಬಿಡುತ್ತೆ. ಗಟ್ಟಿಯಾಗಿ ಒತ್ತಿದ್ರೆ ಚಿಪ್ಪಿನ ಚೂರೇ ಚಟ್ನಿಗೆ ಬರುತ್ತೆ. ದಿನಕ್ಕೆ ಅರ್ಧ ಕಾಯಿ ತುರಿಯೋ ಮನೆಯಲ್ಲಿ ಆ ಪದರ ಕೂಡಿಸ್ಕೊಂಡು ಹೋದ್ರೆ ಆರುನೂರು ರೂಪಾಯಿ ತುರೆಮಣೆ ಎಷ್ಟು ದಿನದಲ್ಲಿ ಅಸಲು ತೀರಿಸುತ್ತೆ ಅಂತ ನಿಮ್ಮ ಮನೆ ಲೆಕ್ಕ ನೀವೇ ಹಾಕ್ಕೊಳ್ಳಿ.

ಹಾಗಂತ ಎದುರು ವಾದ ಇಲ್ಲ ಅಂತಲ್ಲ. ಮೂರು ಇದೆ, ಮೂರೂ ನ್ಯಾಯವಾದದ್ದೇ.

ಒಂದು, ತುಕ್ಕು. ಹೌದು, ಹಿಡಿಯುತ್ತೆ. ತೊಳೆದು ಒದ್ದೆಯಲ್ಲೇ ಬಿಟ್ರೆ ಬೆಳಗಾಗೋದ್ರೊಳಗೆ ಕೆಂಪಗಾಗುತ್ತೆ. ಒರೆಸಿ, ಎರಡು ಬೆರಳಲ್ಲಿ ಕೊಬ್ಬರಿ ಎಣ್ಣೆ ಸವರಿದ್ರೆ ಮುಗೀತು. ದೋಸೆ ಕಾವಲಿಗೆ ಮಾಡೋ ಉಪಚಾರವೇ ಇದಕ್ಕೂ.

ಎರಡು, ಮಂಡಿ. ಇದು ನಿಜವಾದ ಕಷ್ಟ. ಅಡುಗೆಮನೆ ನೆಲದಿಂದ ಎದ್ದು ಕಟ್ಟೆ ಮೇಲೆ ಹೋಗಿ ಎಷ್ಟೋ ಕಾಲ ಆಯ್ತು, ತುರೆಮಣೆ ಮಾತ್ರ ನೆಲದಲ್ಲೇ ಉಳೀತು. ಅದಕ್ಕೇ ಆ ರಬ್ಬರ್ ಬಟ್ಟಲಿನ ಯಂತ್ರಗಳು ಗೆದ್ದಿದ್ದು, ಅವು ಚೆನ್ನಾಗಿದ್ವು ಅಂತಲ್ಲ, ಎತ್ತರದಲ್ಲಿದ್ವು ಅಂತ. ಗುಬ್ಬಿ ಆಚಾರ್ರು ಇದಕ್ಕೆ ಒಂದು ಉಪಾಯ ಮಾಡಿಕೊಟ್ರು. ಮಣೆಯನ್ನ ಉದ್ದ ಮಾಡಿ, ಅಗಲ ಬೆಂಚಿನ ಮೇಲೆ ಇಟ್ಟು ಅದರ ಮೇಲೇ ಕೂರೋ ಹಾಗೆ. ಅಮ್ಮ ಈಗ ಕಾಲು ಇಳಿಬಿಟ್ಕೊಂಡು, ಕುದುರೆ ಸವಾರಿ ಥರ ಕೂತು ತುರೀತಾಳೆ. ಕುಣಿಗಲ್ ಕುದುರೆ ಅಂತ ಮೊಮ್ಮಕ್ಕಳು ಹೆಸರಿಟ್ಟಿದಾರೆ :)

ಮೂರು, ಚಿಕ್ಕ ಮಕ್ಕಳಿರೋ ಮನೆಯಲ್ಲಿ ತೆರೆದ ಕಬ್ಬಿಣ ಅಪಾಯ. ಒಪ್ತೀನಿ. ಹಲ್ಲಿಗೆ ಒಂದು ದಪ್ಪ ಬಟ್ಟೆಯ ಟೋಪಿ ಹೊಲಿದು ಹಾಕಿ, ಮೂಲೆಗೆ ಮುಖ ಮಾಡಿ ಇಡಬೇಕು. ಇನ್ನೂ ಒಳ್ಳೇ ಉಪಾಯ ಯಾರಾದ್ರೂ ಕಂಡುಹಿಡಿದ್ರೆ ಸಂತೋಷ.

ಯಾರು ಕಂಡುಹಿಡೀಬೇಕು? ನಮ್ಮೂರಲ್ಲಿ 1963ರಲ್ಲಿ ಶುರುವಾದ ಸಿದ್ದಗಂಗಾ ಎಂಜಿನಿಯರಿಂಗ್ ಕಾಲೇಜಿದೆ, ಪಾಲಿಟೆಕ್ನಿಕ್‌ಗಳಿವೆ. ಮೆಕ್ಯಾನಿಕಲ್ ಓದೋ ಮಕ್ಕಳು ಪ್ರತಿ ವರ್ಷ ಪ್ರಾಜೆಕ್ಟ್ ಏನು ಮಾಡೋದು ಅಂತ ಹುಡುಕ್ತಾರೆ. ತಗೊಳ್ಳಿ ಒಂದು: ಕಟ್ಟೆ ಎತ್ತರಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳೋ, ಹದ ಹಾಕಿದ ಹಲ್ಲಿರೋ, ಎರಡೇ ಬೋಲ್ಟಲ್ಲಿ ಬಿಚ್ಚಿ ಬರೋ, ಮಕ್ಕಳ ಕೈಗೆ ಸಿಗದ ಹಾಗೆ ಮಡಿಚಿಡೋ ತುರೆಮಣೆ. ಕುಲುಮೆಯಲ್ಲೇ ಮಾಡೋಕೆ ಬರಬೇಕು, ಅದೊಂದೇ ಷರತ್ತು. ಮಾರ್ಕ್ಸ್ ಹಾಕೋಕೆ ನಮ್ಮಮ್ಮನ್ನ ಕಳಿಸ್ತೀನಿ.

ಸರ್ಕಾರದ್ದೂ ಸ್ವಲ್ಪ ಮಾತಾಡೋಣ. 2022ರ ಡಿಸೆಂಬರ್ 24ರಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೀತು. ಕೃಷಿ ಉಪಕರಣ, ಮೊಬೈಲು-ಎಲೆಕ್ಟ್ರಾನಿಕ್ಸು, ಫ್ರಿಜ್ಜು-ಟೀವಿಯಂಥ ಗೃಹೋಪಯೋಗಿ ಸಾಮಾನು, ವಾಹನ, ಹೀಗೆ ನಾಲ್ಕು ವಿಭಾಗ. ಒಳ್ಳೇ ಕೆಲಸ. ಆದ್ರೆ ನಮ್ಮ ಅಡುಗೆಮನೆಯ ನೂರಿನ್ನೂರು ರೂಪಾಯಿ ಸಾಮಾನು ಆ ನಾಲ್ಕರ ಕಣ್ಣಿಗೆ ಬೀಳೋದು ಕಷ್ಟ. ಅತಿ ಹೆಚ್ಚು ಕಸ ಆಗೋದು ಇಂಥವೇ. 2023ರ ಸೆಪ್ಟೆಂಬರ್ 17ಕ್ಕೆ ಪಿ.ಎಂ. ವಿಶ್ವಕರ್ಮ ಯೋಜನೆ ಬಂತು. 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ಉಪಕರಣ ಕೊಳ್ಳೋಕೆ 15,000 ರೂಪಾಯಿವರೆಗೆ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷದವರೆಗೆ ಸಾಲ. ಅದೂ ಒಳ್ಳೇದೇ. ಆದ್ರೆ ಆಚಾರ್ರಿಗೆ ಕೊರತೆ ಇರೋದು ಸುತ್ತಿಗೆದಲ್ಲ, ಗಿರಾಕಿದು. ಗಿರಾಕಿಯನ್ನ ಯಾವ ಯೋಜನೆಯೂ ಸಬ್ಸಿಡಿಯಲ್ಲಿ ಕೊಡೋಕಾಗಲ್ಲ. ಅದು ನಾವೇ ಆಗಬೇಕು.

ಒಂದು ಕಾಲಕ್ಕೆ ತುಮಕೂರಲ್ಲೇ ಎಚ್‌ಎಂಟಿ ವಾಚು ತಯಾರಾಗ್ತಿತ್ತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚೋಕೆ ಒಪ್ಪಿಗೆ ಕೊಡ್ತು. ಆದ್ರೂ ಕೀಲಿ ಕೊಡೋ ಹಳೇ ಎಚ್‌ಎಂಟಿ ಇವತ್ತಿಗೂ ಎಷ್ಟೋ ಕೈಯಲ್ಲಿ ಓಡ್ತಿದೆ, ಯಾಕಂದ್ರೆ ಅದರ ಬೆನ್ನು ಬಿಚ್ಚೋಕೆ ಬರುತ್ತೆ, ಬಿಚ್ಚಿ ನೋಡೋಕೆ ಗೊತ್ತಿರೋ ಒಬ್ಬರು ಇನ್ನೂ ಮೂಲೆ ಅಂಗಡಿಯಲ್ಲಿ ಕೂತಿದಾರೆ. ಕಂಪನಿ ಹೋದ್ಮೇಲೂ ಸಾಮಾನು ಬಾಳೋದು ಅಂದ್ರೆ ಇದು. ಇನ್ನು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆ ಆಯ್ತು. ಹೆಮ್ಮೆ ಇದೆ, ನಿಜವಾಗ್ಲೂ. ಆದ್ರೆ ಹೆಲಿಕಾಪ್ಟರ್ ಮಾಡೋ ತಾಲ್ಲೂಕಿನಲ್ಲಿ ತುರೆಮಣೆಗೆ ಕಕ್ಕು ಹಾಕೋರು ಇಲ್ಲ ಅನ್ನೋ ದಿನ ಬಂದ್ರೆ ಆ ಹೆಮ್ಮೆ ಯಾಕೋ ಸ್ವಲ್ಪ ಚಪ್ಪೆ ಅನ್ಸುತ್ತೆ.

ಕೊನೆಗೆ, ನೀವೂ ತುರೆಮಣೆ ಕೊಳ್ಳೋಕೆ ಹೊರಟ್ರೆ ಇಷ್ಟು ನೋಡಿ:

1. ಬಿಚ್ಚೋಕೆ ಬರುತ್ತಾ? ವೆಲ್ಡ್ ಇದ್ರೆ, ರಿವೆಟ್ ಇದ್ರೆ ಬೇಡ. ಬೋಲ್ಟ್ ಇದ್ರೆ ತಗೊಳ್ಳಿ.

2. ಹಲ್ಲಿನ ಮೇಲೆ ಒಂದು ಹಳೇ ಅರ ಮೆಲ್ಲಗೆ ಎಳೀರಿ. ಬೆಣ್ಣೆ ಥರ ಕಚ್ಚಿದ್ರೆ ಹದ ಇಲ್ಲ. ಜಾರಿದ್ರೆ ಹದ ಇದೆ. ಅಯಸ್ಕಾಂತ ಹಿಡಿದು ನೋಡೋದನ್ನ ಪೂರ್ತಿ ನಂಬಬೇಡಿ, ಹದಕ್ಕೆ ಬರದ ಕೆಲವು ಸ್ಟೀಲಿಗೂ ಅಯಸ್ಕಾಂತ ಅಂಟುತ್ತೆ.

3. ಮಣೆ ಮೇಲೆ ಕೂತು ನೋಡಿ. ಅಲ್ಲಾಡಿದ್ರೆ ಎದ್ದು ಬನ್ನಿ.

4. ಮಾಡಿದೋರ ಊರು ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲ ಅಂದ್ರೆ, ಮೊಂಡಾದಾಗ ಎಲ್ಲಿಗೆ ಹೋಗಬೇಕು ಅನ್ನೋದೂ ಗೊತ್ತಿಲ್ಲ ಅಂತಲೇ ಅರ್ಥ.

5. ಆಚಾರ್ರು ಹೇಳಿದ ಬೆಲೆಗೆ ಚೌಕಾಸಿ ಮಾಡಬೇಡಿ. ಮಾಲ್‌ಗಳಲ್ಲಿ ಮಾಡ್ತೀವಾ?

ಅಕ್ಕನಿಗೆ ಇದೆಲ್ಲಾ ಫೋನಲ್ಲಿ ಹೇಳಿದೆ. "ಹಾಗಾದ್ರೆ ನನ್ನ ಓಪನರ್‌ಗೆ ಏನೋ ದಾರಿ?" ಅಂದ್ಲು. ಅವಳಿಗೂ ಅದೇ ಉತ್ತರ ಕಣ್ರೀ: ಭಾಗ ಕಡಿಮೆ ಇರೋದು ತಗೋ, ಬಿಚ್ಚೋಕೆ ಬರೋದು ತಗೋ, ಇಲ್ಲಾ ಪಿ-38 ಥರದ್ದು ಒಂದು ಇಟ್ಕೋ.

ನಿಮ್ಮ ಊರಲ್ಲಿ ಹದ ಹಾಕೋ ಕುಲುಮೆ ಇನ್ನೂ ಉರೀತಿದೆಯಾ? ಇದ್ರೆ ಯಾವ ಊರು, ಯಾವ ಬೀದಿ ಅಂತ ಬರೆದು ತಿಳಿಸಿ. ಊರೂರಿನದ್ದು ಒಂದು ಪಟ್ಟಿ ಮಾಡೋಣ. ಹಾಗೇ ತುರೆಮಣೆಗೆ ನಿಮ್ಮ ಕಡೆ ಏನಂತಾರೆ ಅನ್ನೋದನ್ನೂ ಬರೀರಿ, ಅದರದ್ದೇ ಇನ್ನೊಂದು ಪೋಸ್ಟ್ ಆಗುತ್ತೆ.